ಹಿಬ್ ಲಸಿಕೆಯ 1985ರ ಸೋಲು: ಬ್ಯಾಕ್ಟೀರಿಯಾದ ಸಕ್ಕರೆ ಕವಚವನ್ನು ಶಿಶುವಿನ ದೇಹ ಗುರುತಿಸದೆ ಹೋದ ಪ್ರಕರಣ

1985ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಮೊದಲ ಲಸಿಕೆಗೆ ಪರವಾನಗಿ ದೊರೆಯಿತು. ಮಕ್ಕಳ ವೈದ್ಯರು ಚುಟುಕಾಗಿ ಹಿಬ್ ಎಂದು ಕರೆಯುವ ಈ ಬ್ಯಾಕ್ಟೀರಿಯಾದ ಹೊರಕವಚವನ್ನು ಬೇರ್ಪಡಿಸಿ, ಅದರಲ್ಲಿದ್ದ ಪ್ರೋಟೀನು, ಕೊಬ್ಬು, ನ್ಯೂಕ್ಲಿಯಿಕ್ ಆಮ್ಲಗಳನ್ನೆಲ್ಲ ತೆಗೆದುಹಾಕಿ, ಉಳಿದ ಪಾಲಿಸ್ಯಾಕರೈಡನ್ನಷ್ಟೇ, ಅಂದರೆ ಸಕ್ಕರೆಯ ಸರಪಳಿಯನ್ನಷ್ಟೇ, ಚುಚ್ಚುಮದ್ದಾಗಿ ಕೊಡುವುದು ಆ ಲಸಿಕೆಯ ತತ್ತ್ವವಾಗಿತ್ತು. ಐದು ವರ್ಷ ತುಂಬುವಷ್ಟರಲ್ಲಿ ಅದು ಬಳಕೆಯಿಂದ ಮರೆಯಾಯಿತು. ಅದೇ ಪಾಲಿಸ್ಯಾಕರೈಡ್, ಅದೇ ರಾಸಾಯನಿಕ ರಚನೆಯಲ್ಲಿ, ಬೇರೊಂದು ಅಣುವಿಗೆ ಬೆಸೆದುಕೊಂಡು ಮರಳಿ ಬಂದು, ಆ ದೇಶದ ಪುಟ್ಟ ಮಕ್ಕಳಲ್ಲಿ ಹಿಬ್ ರೋಗವನ್ನು ಶೇಕಡಾ 99ರಷ್ಟು ಇಳಿಸಿತು. ಒಂದೇ ವಸ್ತು ಒಮ್ಮೆ ಸೋತು ಇನ್ನೊಮ್ಮೆ ಗೆದ್ದುದಕ್ಕೆ ಕಾರಣ ಆ ವಸ್ತುವಿನಲ್ಲಿ ಇರಲಿಲ್ಲ. ಅದನ್ನು ಎದುರುಗೊಂಡ ರೋಗನಿರೋಧಕ ವ್ಯವಸ್ಥೆ ಸಕ್ಕರೆಯ ಸರಪಳಿಯನ್ನು ಯಾವ ದಾರಿಯಿಂದ ಗುರುತಿಸುತ್ತದೆ ಎಂಬುದರಲ್ಲಿತ್ತು. ಆ ದಾರಿಯನ್ನು ಅರಿಯಲು ಹಿಬ್‌ನಷ್ಟು ಚೊಕ್ಕವಾದ ಪ್ರಕರಣ ಬೇರೆ ಸಿಗುವುದು ಕಷ್ಟ.

ಲಸಿಕೆ ಬರುವ ಮೊದಲು ಅಮೆರಿಕದಲ್ಲಿ ಐದು ವರ್ಷದೊಳಗಿನ ಸುಮಾರು 20,000 ಮಕ್ಕಳು ಪ್ರತಿವರ್ಷ ತೀವ್ರ ಹಿಬ್ ಸೋಂಕಿಗೆ ಗುರಿಯಾಗುತ್ತಿದ್ದರು. ಐದು ತುಂಬುವುದರೊಳಗೆ ಇನ್ನೂರು ಮಕ್ಕಳಲ್ಲಿ ಒಂದಕ್ಕೆ ಈ ಸೋಂಕು ತಗಲುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಅದು ಮಿದುಳಿನ ಪೊರೆಯ ಉರಿಯೂತವಾಗಿ, ಅಂದರೆ ಮೆನಿಂಜೈಟಿಸ್ ಆಗಿ ಕಾಣಿಸಿಕೊಳ್ಳುತ್ತಿತ್ತು. ಉಳಿದವುಗಳಲ್ಲಿ ಉಸಿರುನಾಳದ ಬಾಯಿಯ ಮುಚ್ಚಳ ಊದಿಕೊಂಡು ಉಸಿರುಕಟ್ಟುವುದು, ನ್ಯುಮೋನಿಯಾ, ಕೀಲುಗಳ ಸೋಂಕು ಮುಖ್ಯವಾಗಿದ್ದವು. ಆ್ಯಂಟಿಬಯೋಟಿಕ್ ಕೊಟ್ಟರೂ ನೂರರಲ್ಲಿ ಮೂರರಿಂದ ಆರು ಮಕ್ಕಳು ಸಾಯುತ್ತಿದ್ದರು, ಮೆನಿಂಜೈಟಿಸ್‌ನಿಂದ ಬದುಕುಳಿದವರಲ್ಲಿ ಅನೇಕರಿಗೆ ಕಿವುಡುತನವೋ ನರಗಳ ಊನವೋ ಉಳಿದುಬಿಡುತ್ತಿತ್ತು. ಈ ಪ್ರಕರಣದ ಕೇಂದ್ರದಲ್ಲಿರುವ ಅಂಕಿಯೆಂದರೆ, ರೋಗಿಗಳಲ್ಲಿ ಮೂರನೆಯ ಎರಡರಷ್ಟು ಮಕ್ಕಳು ಹದಿನೆಂಟು ತಿಂಗಳಿಗಿಂತ ಚಿಕ್ಕವರಾಗಿದ್ದರು.

ಈ ಬ್ಯಾಕ್ಟೀರಿಯಾದ ಹೆಸರೇ ಒಂದು ತಪ್ಪಿನ ಕುರುಹು. 1892ರಲ್ಲಿ, ಫ್ಲೂ ಜಗತ್ತನ್ನೇ ಆವರಿಸಿದ್ದಾಗ, ರಿಚರ್ಡ್ ಫೈಫರ್ ರೋಗಿಗಳ ಕಫದಲ್ಲಿ ಇದನ್ನು ಕಂಡು ಫ್ಲೂಗೆ ಇದೇ ಕಾರಣವೆಂದು ಭಾವಿಸಿದರು. ಫ್ಲೂ ವೈರಸ್‌ನಿಂದ ಬರುತ್ತದೆ ಎಂದು 1933ರಲ್ಲಿ ತಿಳಿದಮೇಲೂ ಹೆಸರು ಮಾತ್ರ ಹಾಗೆಯೇ ಉಳಿಯಿತು. ನಿಜವಾದ ಸುಳಿವು ಸಿಕ್ಕಿದ್ದು ಅದಕ್ಕಿಂತ ಎರಡು ವರ್ಷ ಮೊದಲು. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಮಾರ್ಗರೆಟ್ ಪಿಟ್‌ಮನ್ 1931ರಲ್ಲಿ ಈ ಬ್ಯಾಕ್ಟೀರಿಯಾದಲ್ಲಿ ಕವಚವಿರುವ ತಳಿಗಳೂ ಕವಚವಿಲ್ಲದ ತಳಿಗಳೂ ಇವೆಯೆಂದು ತೋರಿಸಿ, ಕವಚವುಳ್ಳವನ್ನು ಎ ಇಂದ ಎಫ್ ವರೆಗೆ ಆರು ಬಗೆಗಳಾಗಿ ವಿಂಗಡಿಸಿದರು. ಆರೋಗ್ಯವಂತ ಮಕ್ಕಳ ಗಂಟಲಲ್ಲಿ ಹೆಚ್ಚಾಗಿ ಕವಚವಿಲ್ಲದ ತಳಿಗಳೇ ಸಿಗುತ್ತಿದ್ದವು, ಮೆನಿಂಜೈಟಿಸ್ ಆದ ಮಕ್ಕಳ ಬೆನ್ನುಹುರಿ ದ್ರವದಲ್ಲಿ ಬಹುತೇಕ ಯಾವಾಗಲೂ ಬಿ ಬಗೆಯೇ ಸಿಗುತ್ತಿತ್ತು. ಹೀಗೆ ರೋಗದ ಶಕ್ತಿ ಕವಚದಲ್ಲಿದೆ ಎಂಬುದು ಸ್ಪಷ್ಟವಾಯಿತು.

ಬಿ ಬಗೆಯ ಕವಚ ರೈಬೋಸ್ ಎಂಬ ಸಕ್ಕರೆ, ರೈಬಿಟಾಲ್ ಎಂಬ ಸಕ್ಕರೆ ಮದ್ಯಸಾರ ಮತ್ತು ಫಾಸ್ಫೇಟ್ ಇವು ಮೂರೂ ಸೇರಿದ ಒಂದು ಘಟಕ ಮತ್ತೆ ಮತ್ತೆ ಜೋಡಿಸಿಕೊಂಡು ಹೋದ ಉದ್ದನೆಯ ಸರ. ಇದನ್ನು ಪಿಆರ್‌ಪಿ ಎನ್ನುತ್ತಾರೆ. ನೀರನ್ನು ಹೀರಿಕೊಂಡು ಋಣ ವಿದ್ಯುದಾವೇಶದಿಂದ ಕೂಡಿದ ಈ ಲೋಳೆಯ ಹೊದಿಕೆ ಬ್ಯಾಕ್ಟೀರಿಯಾವನ್ನು ಎರಡು ರೀತಿಯಲ್ಲಿ ಕಾಯುತ್ತದೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪು ಒಳಗಿನ ಗೋಡೆಯ ಮೇಲೆ ಅಂಟಿಕೊಂಡರೂ ಅದು ಕವಚದ ಅಡಿಯಲ್ಲಿ ಹುದುಗಿರುವುದರಿಂದ ಭಕ್ಷಕ ಕೋಶಗಳ ಕೈಗೆ ಎಟುಕುವುದಿಲ್ಲ. ಭಕ್ಷಕ ಕೋಶಗಳಿಗೆ ಬರಿಯ ಸಕ್ಕರೆಯ ಮೇಲೆ ಹಿಡಿತವೂ ಸಿಗುವುದಿಲ್ಲ. ಆದರೆ ಕವಚದ ಸಕ್ಕರೆಗೇ ಹೊಂದುವ ಪ್ರತಿಕಾಯ ರಕ್ತದಲ್ಲಿದ್ದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಪ್ರತಿಕಾಯ ಕವಚದ ಹೊರಮೈಗೆ ಅಂಟಿ ಕಾಂಪ್ಲಿಮೆಂಟನ್ನು ಅಲ್ಲಿಗೇ ಕರೆತರುತ್ತದೆ, ಆಮೇಲೆ ಬ್ಯಾಕ್ಟೀರಿಯಾ ಒಂದೋ ರಕ್ತದಲ್ಲೇ ಒಡೆದುಹೋಗುತ್ತದೆ ಇಲ್ಲವೇ ಗುಲ್ಮದ (ಸ್ಪ್ಲೀನ್) ಭಕ್ಷಕ ಕೋಶಗಳಿಗೆ ತುತ್ತಾಗುತ್ತದೆ. ಗುಲ್ಮವನ್ನು ತೆಗೆಸಿಕೊಂಡವರು ಜೀವಮಾನವಿಡೀ ಕವಚವುಳ್ಳ ಬ್ಯಾಕ್ಟೀರಿಯಾಗಳಿಗೆ ಹೆದರಬೇಕಾಗಿರುವುದು ಇದೇ ಕಾರಣಕ್ಕೆ.

1933ರಲ್ಲಿ ಬಾಸ್ಟನ್‌ನ ಫಾದರ್‌ಗಿಲ್ ಮತ್ತು ರೈಟ್ ಬೇರೆಬೇರೆ ವಯಸ್ಸಿನವರ ರಕ್ತವನ್ನು ಈ ಬ್ಯಾಕ್ಟೀರಿಯಾದೊಡನೆ ಬೆರೆಸಿ, ಯಾರ ರಕ್ತ ಅದನ್ನು ಕೊಲ್ಲುತ್ತದೆ ಎಂದು ನೋಡಿದರು. ನವಜಾತ ಶಿಶುವಿನ ರಕ್ತ, ತಾಯಿಯಿಂದ ಬಂದ ಪ್ರತಿಕಾಯಗಳ ಬಲದಿಂದ, ಕೊಲ್ಲುತ್ತಿತ್ತು; ಕೆಲವು ತಿಂಗಳು ಕಳೆದಮೇಲೆ ಆ ಶಕ್ತಿ ಇಲ್ಲವಾಗುತ್ತಿತ್ತು; ಸುಮಾರು ಮೂರು ವರ್ಷದ ನಂತರ ಮೆಲ್ಲಗೆ ಮರಳುತ್ತಿತ್ತು. ಮೆನಿಂಜೈಟಿಸ್ ಕಾಡುವ ವಯಸ್ಸೂ ಸರಿಯಾಗಿ ಈ ನಡುವಿನ ಬರಗಾಲದ ವಯಸ್ಸೇ ಆಗಿತ್ತು. ಮಗುವಿಗೆ ರೋಗ ಬಾರದೆಯೂ ಆ ಪ್ರತಿಕಾಯಗಳು ಎಲ್ಲಿಂದ ಮರಳುತ್ತವೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ನಾಲ್ಕು ದಶಕ ಬೇಕಾಯಿತು. ನಮ್ಮ ಕರುಳಿನಲ್ಲಿ ವಾಸಿಸುವ ಇ. ಕೊಲೈ ಬ್ಯಾಕ್ಟೀರಿಯಾದ ಕೆ 100 ಎಂಬ ತಳಿಯ ಕವಚವೂ ರೈಬೋಸ್, ರೈಬಿಟಾಲ್, ಫಾಸ್ಫೇಟ್‌ಗಳಿಂದಲೇ ಆದದ್ದು, ಜೋಡಣೆ ಮಾತ್ರ ತುಸು ಬೇರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಲ್ಲಿದ್ದ ರೇಚಲ್ ಶ್ನೀರ್ಸನ್ ಮತ್ತು ಜಾನ್ ರಾಬಿನ್ಸ್ ಈ ತಳಿಯನ್ನು ವಯಸ್ಕ ಸ್ವಯಂಸೇವಕರಿಗೆ ಕುಡಿಸಿ, ಅವರ ರಕ್ತದಲ್ಲಿ ಹಿಬ್‌ನ ಕವಚಕ್ಕೆ ಪ್ರತಿಕಾಯ ಹುಟ್ಟುವುದನ್ನು 1975ರಲ್ಲಿ ವರದಿ ಮಾಡಿದರು. ಕರುಳಿನ ಒಬ್ಬ ನಿರುಪದ್ರವಿ ನಿವಾಸಿ ಮಿದುಳಿನ ಶತ್ರುವಿನ ಗುರುತನ್ನು ದೇಹಕ್ಕೆ ಮೊದಲೇ ಹೇಳಿಕೊಟ್ಟಿರುತ್ತಾನೆ ಎಂಬ ಈ ಸಂಗತಿ ನನಗೆ ಇಡೀ ಪ್ರಕರಣದಲ್ಲಿ ಅತ್ಯಂತ ಬೆರಗಿನದಾಗಿ ಕಾಣುತ್ತದೆ.

ಚಿಕಿತ್ಸೆಯ ಇತಿಹಾಸವನ್ನು ಬೇಗ ದಾಟಿಬಿಡಬಹುದು. 1930ರ ದಶಕದ ಕೊನೆಯಲ್ಲಿ ಹ್ಯಾಟಿ ಅಲೆಕ್ಸಾಂಡರ್ ಮೊಲದ ಪ್ರತಿಸೀರಮ್ಮಿನಿಂದ, ಅಂದರೆ ಪ್ರತಿಕಾಯಗಳಿರುವ ರಕ್ತದ್ರವದಿಂದ, ಕೆಲವು ಮಕ್ಕಳನ್ನಾದರೂ ಉಳಿಸಲು ಸಾಧ್ಯವೆಂದು ತೋರಿಸಿದರು, ಬಳಿಕ ಆ್ಯಂಟಿಬಯೋಟಿಕ್‌ಗಳು ಆ ಜಾಗಕ್ಕೆ ಬಂದವು. 1974ರಲ್ಲಿ ಆ್ಯಂಪಿಸಿಲಿನ್‌ಗೆ ಬಗ್ಗದ ಹಿಬ್ ತಳಿಗಳು ಕಾಣಿಸಿಕೊಂಡಾಗ ಔಷಧವನ್ನಷ್ಟೇ ನೆಚ್ಚಿಕೊಳ್ಳುವುದು ಅಪಾಯವೆಂದು ಮನದಟ್ಟಾಯಿತು.

ಫಿನ್ಲೆಂಡಿನ ಪರೀಕ್ಷೆ ಮತ್ತು ಅಮೆರಿಕದ ತೀರ್ಮಾನ

ಅದೇ 1974ರಲ್ಲಿ ಫಿನ್ಲೆಂಡಿನಲ್ಲಿ ಮೆನಿಂಜೈಟಿಸ್ ತರುವ ಇನ್ನೊಂದು ಬ್ಯಾಕ್ಟೀರಿಯಾವಾದ ಎ ಗುಂಪಿನ ಮೆನಿಂಜೊಕಾಕಸ್‌ನ ಪಿಡುಗು ಹರಡಿತ್ತು. ಅದನ್ನು ತಡೆಯಲು ಮಕ್ಕಳಿಗೆ ಲಸಿಕೆ ಹಾಕುವಾಗ ಸಂಶೋಧಕರು ಒಂದು ಜಾಣ ಏರ್ಪಾಟು ಮಾಡಿದರು. ಮೂರು ತಿಂಗಳಿಂದ ಐದು ವರ್ಷದೊಳಗಿನ ಸುಮಾರು 98,000 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮೆನಿಂಜೊಕಾಕಸ್ ಲಸಿಕೆಯನ್ನೂ ಉಳಿದರ್ಧಕ್ಕೆ ಹಿಬ್‌ನ ಪಿಆರ್‌ಪಿ ಲಸಿಕೆಯನ್ನೂ ಕೊಟ್ಟು, ಒಂದು ಗುಂಪು ಇನ್ನೊಂದಕ್ಕೆ ಹೋಲಿಕೆಯಾಗುವಂತೆ ನೋಡಿಕೊಂಡರು. ಪೆಲ್ಟೋಲಾ, ಕಾಯ್ಹ್ತು, ಮಾಕೆಲಾ ಮತ್ತು ಸಂಗಡಿಗರು ನಾಲ್ಕು ವರ್ಷ ಕಾದು ನೋಡಿದ ಫಲಿತಾಂಶವನ್ನು 1984ರಲ್ಲಿ ಪ್ರಕಟಿಸಿದರು. ಹದಿನೆಂಟು ತಿಂಗಳು ದಾಟಿದ ಮಕ್ಕಳಲ್ಲಿ ಪಿಆರ್‌ಪಿ ಲಸಿಕೆ ಶೇಕಡಾ 90ರಷ್ಟು ರಕ್ಷಣೆ ಕೊಟ್ಟಿತ್ತು. ಅದಕ್ಕಿಂತ ಚಿಕ್ಕ ಮಕ್ಕಳಲ್ಲಿ ಅದರಿಂದ ಯಾವ ರಕ್ಷಣೆಯೂ ಇರಲಿಲ್ಲ. ರಕ್ತದ ಮಾದರಿಗಳಿಂದ ಇನ್ನೊಂದು ಉಪಯುಕ್ತ ಅಳತೆಗೋಲೂ ದೊರೆಯಿತು. ಒಂದು ಮಿಲಿಲೀಟರ್ ಸೀರಮ್ಮಿನಲ್ಲಿ 0.15 ಮೈಕ್ರೋಗ್ರಾಂ ಪ್ರತಿಕಾಯವಿದ್ದರೆ ಆ ಹೊತ್ತಿನ ಮಟ್ಟಿಗೆ ರಕ್ಷಣೆಯಿದೆ, ಲಸಿಕೆ ಹಾಕಿದ ಮೇಲೆ 1 ಮೈಕ್ರೋಗ್ರಾಂ ಮುಟ್ಟಿದ್ದರೆ ದೀರ್ಘಕಾಲ ರಕ್ಷಣೆಯಿರುತ್ತದೆ ಎಂಬ ಅಂದಾಜು ಇಂದಿಗೂ ಬಳಕೆಯಲ್ಲಿದೆ.

ಹೀಗಾಗಿ 1985ರಲ್ಲಿ ಅಮೆರಿಕದ ತಜ್ಞರು ಕುರುಡಾಗಿ ತೀರ್ಮಾನ ಮಾಡಲಿಲ್ಲ. ರೋಗಿಗಳಲ್ಲಿ ಹೆಚ್ಚಿನವರನ್ನು ಈ ಲಸಿಕೆ ತಲುಪುವುದಿಲ್ಲ ಎಂದು ತಿಳಿದೇ, ಉಳಿದವರನ್ನಾದರೂ ಕಾಪಾಡೋಣ ಎಂದು, ಎರಡು ವರ್ಷ ತುಂಬಿದ ಎಲ್ಲ ಮಕ್ಕಳಿಗೂ ಅದನ್ನು ಶಿಫಾರಸು ಮಾಡಿದರು. ಶಿಶುವಿಹಾರಗಳಿಗೆ ಹೋಗುವಂಥ, ಅಪಾಯ ಹೆಚ್ಚಿರುವ ಮಕ್ಕಳಿಗೆ ಹದಿನೆಂಟು ತಿಂಗಳಿಗೇ ಕೊಡಬಹುದೆಂದರು. ಒಪ್ಪತಕ್ಕ ತೀರ್ಮಾನವೇ ಅದು. ಆದರೆ ಪರವಾನಗಿಯ ನಂತರ ಬೇರೆಬೇರೆ ಕಡೆ ನಡೆದ ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕೆಲವೆಡೆ ಲಸಿಕೆಯ ಪರಿಣಾಮ ಶೇಕಡಾ 88ರವರೆಗೂ ಕಂಡಿತು. ಮಿನೆಸೋಟ ರಾಜ್ಯದಲ್ಲಿ ಮೈಕೆಲ್ ಆಸ್ಟರ್‌ಹೋಮ್ ಮತ್ತು ಸಂಗಡಿಗರು 1988ರಲ್ಲಿ ವರದಿ ಮಾಡಿದ ಲೆಕ್ಕದಲ್ಲಿ ಅದು ಸೊನ್ನೆಗಿಂತ ಕೆಳಗೆ ಇಳಿದಿತ್ತು. ಅಂದರೆ ಲಸಿಕೆ ಪಡೆದ ಮಕ್ಕಳಲ್ಲೇ ರೋಗ ಹೆಚ್ಚು ಕಂಡಂತಾಗಿತ್ತು. ಅಷ್ಟು ಕಡಿಮೆ ಪ್ರಕರಣಗಳ ಮೇಲೆ ನಿಂತ ಅಂದಾಜಿನ ಏರುಪೇರು ದೊಡ್ಡದಾದ್ದರಿಂದ ಲಸಿಕೆಯೇ ರೋಗವನ್ನು ಹೆಚ್ಚಿಸಿತೆಂದು ಅದರಿಂದ ಸಾಧಿಸಲಾಗದು, ಆದರೆ ಫಿನ್ಲೆಂಡಿನ ಶೇಕಡಾ 90 ಅಲ್ಲಿ ಪುನರಾವರ್ತನೆಯಾಗಲಿಲ್ಲ ಎಂಬುದಂತೂ ಖಚಿತ.

ಸೊನ್ನೆಗಿಂತ ಕೆಳಗಿನ ಆ ಅಂಕಿಗೆ ಒಂದು ಜೈವಿಕ ವಿವರಣೆಯ ಸಾಧ್ಯತೆಯೂ ಇತ್ತು. ಚುಚ್ಚುಮದ್ದಿನಲ್ಲಿ ಬಂದ ಪಾಲಿಸ್ಯಾಕರೈಡ್ ರಕ್ತದಲ್ಲಿ ಅದುವರೆಗೆ ಇದ್ದ ಅಲ್ಪಸ್ವಲ್ಪ ಪ್ರತಿಕಾಯಕ್ಕೆ ಅಂಟಿಕೊಂಡು ಅದನ್ನು ಕಡಿಮೆ ಮಾಡುತ್ತದೆ. ಹೊಸ ಪ್ರತಿಕಾಯ ಹುಟ್ಟಿಬರುವ ತನಕ ಕೆಲವು ದಿನಗಳ ಕಾಲ ಮಗು ಮೊದಲಿಗಿಂತ ಬರಿಗೈಯಾಗಿರುತ್ತದೆ. ಲಸಿಕೆ ಪಡೆದ ಒಂದು ವಾರದೊಳಗೆ ರೋಗ ಬಂದ ಪ್ರಕರಣಗಳು ಈ ಸಂಶಯಕ್ಕೆ ಇಂಬುಕೊಟ್ಟವು. ಸಕ್ಕರೆ ದೇಹದಲ್ಲಿ ಅಷ್ಟು ಸುಲಭವಾಗಿ ಒಡೆಯದೆ ಮೂತ್ರದಲ್ಲಿಯೂ ಹೊರಬೀಳುತ್ತಿದ್ದುದರಿಂದ, ಲಸಿಕೆ ಪಡೆದ ಮಗುವಿನ ಮೂತ್ರವನ್ನು ಪರೀಕ್ಷಿಸಿದರೆ ಸೋಂಕಿಲ್ಲದೆಯೂ ಹಿಬ್ ಇದೆಯೆಂದು ತೋರುವ ತೊಡಕು ಬೇರೆ.

ಸಕ್ಕರೆಯನ್ನು ಕಾಣದ ಕಣ್ಣು

ಲಸಿಕೆಯ ಸೋಲಿನ ಮೂಲ ರೋಗನಿರೋಧಕ ವ್ಯವಸ್ಥೆಯೊಳಗಿನ ಒಂದು ಶ್ರಮವಿಭಜನೆಯಲ್ಲಿದೆ. ಪ್ರತಿಕಾಯವನ್ನು ತಯಾರಿಸುವುದು ಬಿ ಕೋಶ. ಆದರೆ ಅದು ಯಾವ ಗುಣಮಟ್ಟದ ಪ್ರತಿಕಾಯವನ್ನು, ಎಷ್ಟು ಕಾಲ, ಎಂಥ ನೆನಪಿನೊಂದಿಗೆ ತಯಾರಿಸಬೇಕು ಎಂಬುದನ್ನು ನಿರ್ಧರಿಸುವಲ್ಲಿ ಸಹಾಯಕ ಟಿ ಕೋಶದ ಮಾತು ನಡೆಯುತ್ತದೆ. ಟಿ ಕೋಶ ಪರಕೀಯ ವಸ್ತುವನ್ನು ನೇರವಾಗಿ ನೋಡುವುದಿಲ್ಲ. ಇನ್ನೊಂದು ಕೋಶ ಆ ವಸ್ತುವನ್ನು ನುಂಗಿ, ಚೂರು ಮಾಡಿ, ಆ ಚೂರನ್ನು ಎಂಎಚ್‌ಸಿ ಎಂಬ ಅಣುವಿನ ತೊಟ್ಟಿಲಲ್ಲಿಟ್ಟು ಹೊರಮೈಯಲ್ಲಿ ತೋರಿಸಿದಾಗಲಷ್ಟೇ ಅದಕ್ಕೆ ಕಾಣುತ್ತದೆ. ಆ ತೊಟ್ಟಿಲು ಪ್ರೋಟೀನಿನ ತುಣುಕುಗಳಿಗೆ, ಅಂದರೆ ಪೆಪ್ಟೈಡುಗಳಿಗೆ ಹೇಳಿ ಮಾಡಿಸಿದ್ದು. ಪಿಆರ್‌ಪಿಯಂಥ ಸಕ್ಕರೆಯ ಸರ ಅದರಲ್ಲಿ ಕೂರುವುದಿಲ್ಲ. ಆದ್ದರಿಂದ ಶುದ್ಧ ಪಾಲಿಸ್ಯಾಕರೈಡ್ ದೇಹಕ್ಕೆ ಬಂದಾಗ ಟಿ ಕೋಶಗಳ ಪಾಲಿಗೆ ಏನೂ ನಡೆದೇ ಇಲ್ಲ. ಕರುಳಿನ ಬ್ಯಾಕ್ಟೀರಾಯ್ಡಿಸ್ ಫ್ರಾಜಿಲಿಸ್ ಎಂಬ ಬ್ಯಾಕ್ಟೀರಿಯಾದ ಒಂದು ಪಾಲಿಸ್ಯಾಕರೈಡ್, ಧನ ಮತ್ತು ಋಣ ಆವೇಶಗಳೆರಡನ್ನೂ ಹೊತ್ತಿರುವುದರಿಂದ, ಎಂಎಚ್‌ಸಿಯಲ್ಲಿ ಕುಳಿತು ಟಿ ಕೋಶಗಳನ್ನು ಎಬ್ಬಿಸುತ್ತದೆ ಎಂಬುದು ಈ ನಿಯಮಕ್ಕಿರುವ ಕುತೂಹಲಕರ ಅಪವಾದ. ಹಿಬ್‌ಗೆ ಆ ಭಾಗ್ಯವಿಲ್ಲ.

ಹಾಗಿದ್ದೂ ದೊಡ್ಡವರಲ್ಲಿ ಶುದ್ಧ ಪಿಆರ್‌ಪಿ ಪ್ರತಿಕಾಯವನ್ನು ಹುಟ್ಟಿಸುತ್ತದೆ. ಇದಕ್ಕೆ ಕಾರಣ ಸರದಲ್ಲಿ ಒಂದೇ ಮಣಿ ನೂರಾರು ಬಾರಿ ಪೋಣಿಸಿಕೊಂಡಿರುವುದು. ಒಂದೇ ಬಿ ಕೋಶದ ಹೊರಮೈಯಲ್ಲಿರುವ ಅನೇಕ ಗ್ರಾಹಿಗಳನ್ನು ಆ ಸರ ಒಟ್ಟಿಗೆ ಎಳೆದು ಕಟ್ಟುತ್ತದೆ, ಆ ಸೆಳೆತದ ಬಲವೇ ಟಿ ಕೋಶದ ಸಹಾಯವಿಲ್ಲದೆ ಬಿ ಕೋಶವನ್ನು ಕೆಲಸಕ್ಕೆ ಹಚ್ಚುತ್ತದೆ. ಇಂಥ ಕೆಲಸಕ್ಕೆ ವಿಶೇಷವಾಗಿ ಒದಗುವುದು ಗುಲ್ಮದ ಅಂಚಿನ ವಲಯದಲ್ಲಿ ನೆಲೆಸಿರುವ ಬಿ ಕೋಶಗಳು. ಸಕ್ಕರೆಗೆ ಅಂಟಿದ ಕಾಂಪ್ಲಿಮೆಂಟಿನ ತುಣುಕನ್ನು ಹಿಡಿಯುವ ಸಿಡಿ 21 ಎಂಬ ಗ್ರಾಹಿ ಈ ಕೋಶಗಳ ಮೇಲೆ ದಟ್ಟವಾಗಿದ್ದು, ಅದು ಮೊದಲ ಸೆಳೆತಕ್ಕೆ ಇನ್ನೊಂದು ಕೈ ಜೋಡಿಸುತ್ತದೆ. ಎರಡು ವರ್ಷದೊಳಗಿನ ಮಗುವಿನಲ್ಲಿ ಈ ವಲಯವೇ ಇನ್ನೂ ಬಲಿತಿರುವುದಿಲ್ಲ, ಅಲ್ಲಿನ ಬಿ ಕೋಶಗಳ ಮೇಲೆ ಸಿಡಿ 21 ವಿರಳ. ದೊಡ್ಡವರು ಸಕ್ಕರೆಯ ವಿರುದ್ಧ ಹೆಚ್ಚಾಗಿ ತಯಾರಿಸುವ ಐಜಿಜಿ 2 ಬಗೆಯ ಪ್ರತಿಕಾಯವೂ ಶಿಶುವಿನಲ್ಲಿ ತಡವಾಗಿ ಬೆಳೆಯುತ್ತದೆ. ಒಂದು ದಾರಿ ಸಕ್ಕರೆಗೆ ಎಂದೂ ತೆರೆದಿರಲಿಲ್ಲ, ತೆರೆದಿದ್ದ ಇನ್ನೊಂದು ದಾರಿ ಮಗುವಿಗೆ ಇನ್ನೂ ಕಟ್ಟಿರಲಿಲ್ಲ.

ದೊಡ್ಡವರಲ್ಲಿಯೂ ಈ ದಾರಿಯಿಂದ ಬಂದ ಪ್ರತಿಕ್ರಿಯೆ ಅರೆಬರೆಯಾದದ್ದೇ. ಬಿ ಕೋಶ ಪ್ರತಿಕಾಯವನ್ನು ಸುರಿಸಿ ಸುಮ್ಮನಾಗುತ್ತದೆ. ಅದರ ಸಂತತಿ ದುಗ್ಧಗ್ರಂಥಿಯ ಜರ್ಮಿನಲ್ ಕೇಂದ್ರಗಳಿಗೆ ಹೋಗಿ ತನ್ನ ಗ್ರಾಹಿಯನ್ನು ತಿದ್ದಿ ತೀಡಿ ಚೂಪಾಗಿಸಿಕೊಳ್ಳುವುದಿಲ್ಲ, ಸ್ಮೃತಿಕೋಶಗಳು ಉಳಿಯುವುದಿಲ್ಲ. ಎರಡನೆಯ ಸಲ ಅದೇ ಲಸಿಕೆ ಕೊಟ್ಟರೆ ಮೊದಲ ಸಲಕ್ಕಿಂತ ಜೋರಾದ ಪ್ರತಿಕ್ರಿಯೆ ಬರುವುದಿಲ್ಲ, ಕೆಲವು ಪಾಲಿಸ್ಯಾಕರೈಡುಗಳ ವಿಷಯದಲ್ಲಿ ಅದು ಮೊದಲಿಗಿಂತ ಮಂಕಾಗುವುದೂ ಉಂಟು.

ಇಲ್ಲಿ ನನಗೆ ಎದ್ದು ಕಾಣುವ ವ್ಯಂಗ್ಯವೆಂದರೆ, ಲಸಿಕೆ ತಯಾರಕರು ಶ್ರದ್ಧೆಯಿಂದ ಸಾಧಿಸಿದ ಶುದ್ಧತೆಯೇ ಅದರ ದೌರ್ಬಲ್ಯವಾಯಿತು. ಜ್ವರ, ಬಾವು ಬಾರದಂತೆ ಪ್ರೋಟೀನನ್ನೂ ಬ್ಯಾಕ್ಟೀರಿಯಾದ ಇತರ ಅವಶೇಷಗಳನ್ನೂ ತೊಳೆದು ತೆಗೆದಾಗ, ಟಿ ಕೋಶಕ್ಕೆ ಹಿಡಿಯಲು ಸಿಗಬಹುದಾಗಿದ್ದ ಕೊನೆಯ ಎಳೆಯೂ ಹೋಗಿಬಿಟ್ಟಿತ್ತು.

ಹೂವಿನ ಜೊತೆಗೆ ನಾರು

ಇದರ ಪರಿಹಾರಕ್ಕೆ ಬೇಕಾದ ಅರಿವು ಅರ್ಧ ಶತಮಾನದಿಂದ ಗ್ರಂಥಾಲಯಗಳಲ್ಲಿ ಕಾದು ಕುಳಿತಿತ್ತು. ನ್ಯುಮೋನಿಯಾ ತರುವ ನ್ಯುಮೊಕಾಕಸ್ ಬ್ಯಾಕ್ಟೀರಿಯಾದ ಕವಚ ಪಾಲಿಸ್ಯಾಕರೈಡಿನಿಂದಾದದ್ದು ಎಂದು 1923ರಲ್ಲಿ ಹೈಡಲ್‌ಬರ್ಗರ್ ಅವರೊಂದಿಗೆ ತೋರಿಸಿದ ಆಸ್ವಾಲ್ಡ್ ಏವರಿ, ಮುಂದೆ ವಾಲ್ಟರ್ ಗೀಬಲ್ ಜೊತೆ ಸೇರಿ, ಒಂಟಿಯಾಗಿ ಕೊಟ್ಟಾಗ ಮೊಲದಲ್ಲಿ ಪ್ರತಿಕಾಯ ಹುಟ್ಟಿಸದ ಸಕ್ಕರೆಯನ್ನು ಪ್ರೋಟೀನಿಗೆ ರಾಸಾಯನಿಕವಾಗಿ ಬೆಸೆದರೆ ಅದು ಪ್ರತಿಕಾಯ ಹುಟ್ಟಿಸುತ್ತದೆ ಎಂದು 1929ರಿಂದ 1931ರ ನಡುವೆ ತೋರಿಸಿಕೊಟ್ಟಿದ್ದರು. ಆದರೆ ಅದು ಹಾಗೇಕಾಗುತ್ತದೆಂದು ಹೇಳಲು ಆಗ ಬಿ ಕೋಶ, ಟಿ ಕೋಶಗಳ ಹೆಸರೇ ಇರಲಿಲ್ಲ, ಪೆನಿಸಿಲಿನ್ ಬಂದಮೇಲೆ ಆ ವಿಷಯವನ್ನು ಬೆನ್ನತ್ತುವ ಅವಸರವೂ ಯಾರಿಗೂ ಇರಲಿಲ್ಲ.

ಬೆಸುಗೆಯ ತರ್ಕ ಹೀಗಿದೆ. ಪಿಆರ್‌ಪಿಯನ್ನು ಗುರುತಿಸುವ ಬಿ ಕೋಶ ತನ್ನ ಗ್ರಾಹಿಯಿಂದ ಸಕ್ಕರೆಯನ್ನು ಹಿಡಿದು ನುಂಗುತ್ತದೆ, ಸಕ್ಕರೆಗೆ ಅಂಟಿದ ಪ್ರೋಟೀನೂ ಒಳಗೆ ಹೋಗುತ್ತದೆ. ಒಳಗೆ ಪ್ರೋಟೀನು ಪೆಪ್ಟೈಡುಗಳಾಗಿ ಚೂರಾಗಿ ಎಂಎಚ್‌ಸಿಯ ತೊಟ್ಟಿಲಲ್ಲಿ ಹೊರಬರುತ್ತದೆ. ಆ ಪೆಪ್ಟೈಡನ್ನು ಬಲ್ಲ ಸಹಾಯಕ ಟಿ ಕೋಶ ಬಂದು ಈ ಬಿ ಕೋಶಕ್ಕೆ ಸಹಾಯ ಮಾಡುತ್ತದೆ, ಬಿ ಕೋಶ ತಯಾರಿಸುವುದು ಮಾತ್ರ ಸಕ್ಕರೆಯ ವಿರುದ್ಧದ ಪ್ರತಿಕಾಯವನ್ನು. ಟಿ ಕೋಶ ಪ್ರೋಟೀನಿಗೆಂದು ಕೊಟ್ಟ ನೆರವು ಸಕ್ಕರೆಗೆ ದಕ್ಕುತ್ತದೆ. ಹೂವಿನ ಜೊತೆಗೆ ನಾರೂ ಸ್ವರ್ಗ ಸೇರಿತು ಎಂಬ ಗಾದೆಗೆ ಜೀವಕೋಶದ ಮಟ್ಟದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಈ ನೆರವು ಪಡೆಯಲು ಗುಲ್ಮದ ಅಂಚಿನ ವಲಯ ಬಲಿತಿರಬೇಕಾಗಿಲ್ಲ. ಎರಡು ತಿಂಗಳ ಮಗುವಿನಲ್ಲೂ ಜರ್ಮಿನಲ್ ಕೇಂದ್ರ ಕಟ್ಟಿಕೊಳ್ಳುತ್ತದೆ, ಐಜಿಜಿ 1 ಹುಟ್ಟುತ್ತದೆ, ಸ್ಮೃತಿ ಉಳಿಯುತ್ತದೆ. ಸಕ್ಕರೆ ಮತ್ತು ಪ್ರೋಟೀನು ಒಂದೇ ಅಣುವಾಗಿ ಬೆಸೆದಿರಬೇಕು ಎಂಬುದು ಮುಖ್ಯ. ಎರಡನ್ನೂ ಒಂದೇ ಸೀಸೆಯಲ್ಲಿ ಸುಮ್ಮನೆ ಬೆರೆಸಿದರೆ ಒಂದೇ ಬಿ ಕೋಶ ಎರಡನ್ನೂ ನುಂಗುವ ಭರವಸೆಯಿಲ್ಲ. 2011ರಲ್ಲಿ ಅವ್ಜಿ, ಕ್ಯಾಸ್ಪರ್ ಮತ್ತು ಸಂಗಡಿಗರು, ಪೆಪ್ಟೈಡಿಗೆ ಅಂಟಿದ ಸಕ್ಕರೆಯ ತುಣುಕೇ ಎಂಎಚ್‌ಸಿಯ ಮೇಲೆ ಬಂದು, ಅದನ್ನೇ ನೇರವಾಗಿ ಗುರುತಿಸುವ ಟಿ ಕೋಶಗಳೂ ಇರಬಲ್ಲವು ಎಂದು ಬೇರೊಂದು ಬ್ಯಾಕ್ಟೀರಿಯಾದ ಕವಚದಲ್ಲಿ ತೋರಿಸಿದ್ದರಿಂದ ಪಠ್ಯಪುಸ್ತಕದ ಈ ಚಿತ್ರಕ್ಕೆ ಒಂದು ತಿದ್ದುಪಡಿ ಸೇರಿದೆ.

ಇದನ್ನು ಹಿಬ್‌ಗೆ ಅನ್ವಯಿಸಿದವರು ಎರಡು ತಂಡದವರು. ಶ್ನೀರ್ಸನ್ ಮತ್ತು ರಾಬಿನ್ಸ್ ಉದ್ದನೆಯ ಪಾಲಿಸ್ಯಾಕರೈಡನ್ನೇ ಒಂದು ಸಣ್ಣ ಕೊಂಡಿಯ ಮೂಲಕ ಪ್ರೋಟೀನಿಗೆ ಜೋಡಿಸುವ ವಿಧಾನವನ್ನು 1980ರಲ್ಲಿ ಪ್ರಕಟಿಸಿದರು. ಪೋರ್ಟರ್ ಆ್ಯಂಡರ್‌ಸನ್ ಮತ್ತು ಡೇವಿಡ್ ಸ್ಮಿತ್ ಸರವನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ ಸಿಆರ್‌ಎಂ 197 ಎಂಬ ಪ್ರೋಟೀನಿಗೆ ಬೆಸೆದರು. ಸಿಆರ್‌ಎಂ 197 ಎಂದರೆ ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ವಿಷ ಕಳೆದುಕೊಂಡ ಡಿಫ್ತೀರಿಯಾ ವಿಷಪ್ರೋಟೀನು. ಈ ನಾಲ್ವರಿಗೂ 1996ರಲ್ಲಿ ಲ್ಯಾಸ್ಕರ್ ಪ್ರಶಸ್ತಿ ಸಂದಿತು. ಡಿಫ್ತೀರಿಯಾ ಟಾಕ್ಸಾಯ್ಡಿಗೆ, ಅಂದರೆ ವಿಷ ಕಳೆದ ಡಿಫ್ತೀರಿಯಾ ಪ್ರೋಟೀನಿಗೆ, ಸಕ್ಕರೆಯನ್ನು ಬೆಸೆದ ಮೊದಲ ಕಾಂಜುಗೇಟ್ (ಬೆಸುಗೆಯ) ಲಸಿಕೆಗೆ 1987ರ ಡಿಸೆಂಬರಿನಲ್ಲಿ ಹದಿನೆಂಟು ತಿಂಗಳ ಮಕ್ಕಳಿಗಾಗಿ ಪರವಾನಗಿ ದೊರೆಯಿತು. ಎರಡು ತಿಂಗಳ ಶಿಶುಗಳಿಗೆ ಕೊಡಬಹುದಾದ ಸಿಆರ್‌ಎಂ 197 ಲಸಿಕೆ 1990ರ ಅಕ್ಟೋಬರಿನಲ್ಲಿ ಬಂತು, ಮೆನಿಂಜೊಕಾಕಸ್‌ನ ಹೊರಪೊರೆಯ ಪ್ರೋಟೀನಿಗೆ ಬೆಸೆದದ್ದು ಅದೇ ಡಿಸೆಂಬರಿನಲ್ಲಿ.

ಬೆಸೆದದ್ದೆಲ್ಲ ಒಂದೇ ಅಲ್ಲ

ಪ್ರಕರಣ ಇಲ್ಲಿಗೆ ಮುಗಿಯಿತೆಂದು ಬರೆಯುವವರೇ ಹೆಚ್ಚು. ಆದರೆ ಯಾವ ಪ್ರೋಟೀನಿಗೆ ಬೆಸೆದರೂ ನಡೆಯುತ್ತದೆ ಎಂಬ ನಂಬಿಕೆಯನ್ನು ಅಲಾಸ್ಕಾ ಮುರಿಯಿತು. ಡಿಫ್ತೀರಿಯಾ ಟಾಕ್ಸಾಯ್ಡಿನ ಲಸಿಕೆ ಫಿನ್ಲೆಂಡಿನ ಶಿಶುಗಳಲ್ಲಿ ಶೇಕಡಾ 90ಕ್ಕೂ ಮೀರಿ ಫಲ ಕೊಟ್ಟಿತ್ತು. ಅದೇ ಲಸಿಕೆಯನ್ನು ಅಲಾಸ್ಕಾದ ಮೂಲನಿವಾಸಿಗಳ 2,102 ಶಿಶುಗಳಲ್ಲಿ ಪರೀಕ್ಷಿಸಿದಾಗ, 1990ರಲ್ಲಿ ಹೊರಬಂದ ಫಲಿತಾಂಶ ಶೇಕಡಾ 35 ಮಾತ್ರ. ಅಲ್ಲಿ ರೋಗ ಬರುತ್ತಿದ್ದುದು ಬಹಳ ಎಳೆಯ ವಯಸ್ಸಿನಲ್ಲಿ, ಆರು ತಿಂಗಳಿಗೂ ಮೊದಲು; ಈ ಲಸಿಕೆ ಮಾತ್ರ ಎರಡು ಮೂರು ಡೋಸ್ ಆದಮೇಲಷ್ಟೇ ಎಚ್ಚರಗೊಳಿಸುವಂಥದ್ದು. ಇದಕ್ಕೆ ಪ್ರತಿಯಾಗಿ ಮೆನಿಂಜೊಕಾಕಸ್ ಹೊರಪೊರೆಯ ಲಸಿಕೆಯನ್ನು ಮಥುರಾಂ ಸಂತೋಷಂ ಮತ್ತು ಸಂಗಡಿಗರು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ 5,190 ಶಿಶುಗಳಲ್ಲಿ ಪರೀಕ್ಷಿಸಿದಾಗ ರಕ್ಷಣೆ ಶೇಕಡಾ 90ನ್ನು ದಾಟಿತು, ಅದೂ ಮೊದಲ ಡೋಸಿನಿಂದಲೇ ಆರಂಭವಾಗಿ. ಹೊರಪೊರೆಯಲ್ಲಿರುವ ಪೋರಿನ್ ಎಂಬ ಪ್ರೋಟೀನು ಟಿಎಲ್‌ಆರ್ 2 ಎಂಬ ಸಹಜ ರೋಗನಿರೋಧಕ ಗ್ರಾಹಿಯನ್ನೂ ತಟ್ಟಿ ಎಬ್ಬಿಸುವುದು ಈ ಚುರುಕಿಗೆ ಒಂದು ಕಾರಣ. ಅಲಾಸ್ಕಾದಲ್ಲಿ 1996ರಲ್ಲಿ ಈ ಲಸಿಕೆಯನ್ನು ಬಿಟ್ಟು ಸಿಆರ್‌ಎಂ 197 ಲಸಿಕೆಗೆ ಬದಲಾದಾಗ ಎಳೆಯ ಶಿಶುಗಳಲ್ಲಿ ರೋಗ ಮತ್ತೆ ತಲೆಯೆತ್ತಿತು, ಹೊರಪೊರೆಯ ಲಸಿಕೆಗೆ ಮರಳಬೇಕಾಯಿತು.

ನವಾಹೋ ಜನರ ವಿಷಯದಲ್ಲಿ ವಂಶವಾಹಿಯ ಒಂದು ಸುಳಿವೂ ಇದೆ. ಮನುಷ್ಯರು ಪಿಆರ್‌ಪಿಯ ವಿರುದ್ಧ ತಯಾರಿಸುವ ಪ್ರತಿಕಾಯಗಳಲ್ಲಿ ವೈವಿಧ್ಯ ಕಡಿಮೆ. ಅವುಗಳ ಕಿರುಸರಪಳಿಗೆ ಹೆಚ್ಚಾಗಿ ಬಳಕೆಯಾಗುವುದು ಎ 2 ಎಂಬ ಒಂದೇ ವಂಶವಾಹಿ. ನವಾಹೋ ಜನರಲ್ಲಿ ಈ ವಂಶವಾಹಿಯ ಒಂದು ದೋಷಯುಕ್ತ ರೂಪ ಹೆಚ್ಚಾಗಿರುವುದನ್ನು ಆ್ಯನ್ ಫೀನಿ ಮತ್ತು ಸಂಗಡಿಗರು 1996ರಲ್ಲಿ ವರದಿ ಮಾಡಿ, ಅವರಲ್ಲಿ ಹಿಬ್ ಹೆಚ್ಚಿರುವುದಕ್ಕೆ ಇದೂ ಕಾರಣವಿರಬಹುದೆಂದು ಸೂಚಿಸಿದರು. ಬಡತನ, ಇಕ್ಕಟ್ಟಾದ ಮನೆ ಮುಂತಾದವನ್ನು ಬದಿಗಿಟ್ಟು ವಂಶವಾಹಿಯ ಮೇಲೇ ಎಲ್ಲ ಹೊರೆಯನ್ನು ಹೊರಿಸುವುದು ತಪ್ಪಾಗುತ್ತದೆ, ಆದರೆ ಅಷ್ಟು ಸರಳವಾದ ಸಕ್ಕರೆಯನ್ನು ಹಿಡಿಯಲು ದೇಹದ ಬಳಿ ಎಷ್ಟು ಕಡಿಮೆ ಅಚ್ಚುಗಳಿವೆ ಎಂಬುದನ್ನು ಇದು ತೋರಿಸುತ್ತದೆ.

ಸ್ಮೃತಿ ಹುಟ್ಟಿದರೆ ಸಾಕು ಎಂಬ ಇನ್ನೊಂದು ನಂಬಿಕೆ ಬ್ರಿಟನ್ನಿನಲ್ಲಿ ಕುಸಿಯಿತು. 1992ರಲ್ಲಿ ಅಲ್ಲಿ ಶಿಶುಗಳಿಗೆ ಎರಡು, ಮೂರು, ನಾಲ್ಕನೆಯ ತಿಂಗಳಲ್ಲಿ ಮೂರು ಡೋಸ್ ಕೊಡಲಾರಂಭಿಸಿ, ಒಂದರಿಂದ ನಾಲ್ಕು ವರ್ಷದವರಿಗೂ ಒಂದು ಬಾರಿ ಲಸಿಕೆ ಹಾಕಿ, ಎರಡನೆಯ ವರ್ಷದ ಬೂಸ್ಟರ್ ಅನವಶ್ಯಕವೆಂದು ಕೈಬಿಟ್ಟರು. ರೋಗ ಬಹುತೇಕ ಮಾಯವಾಯಿತು. 1999ರಿಂದ ಮತ್ತೆ ಏರತೊಡಗಿತು. ಹಿಬ್ ರಕ್ತಕ್ಕೆ ನುಗ್ಗಿ ಮಿದುಳನ್ನು ಮುಟ್ಟಲು ತೆಗೆದುಕೊಳ್ಳುವ ಸಮಯ, ಸ್ಮೃತಿಕೋಶಗಳು ಎಚ್ಚೆತ್ತು ಪ್ರತಿಕಾಯ ತಯಾರಿಸಲು ಬೇಕಾದ ದಿನಗಳಿಗಿಂತ ಕಡಿಮೆ. ಆದ್ದರಿಂದ ಬ್ಯಾಕ್ಟೀರಿಯಾ ಬರುವ ಹೊತ್ತಿಗೆ ರಕ್ತದಲ್ಲಿ ಪ್ರತಿಕಾಯ ಸಿದ್ಧವಾಗಿರಬೇಕು. 2003ರಲ್ಲಿ ಬೂಸ್ಟರ್ ಅಭಿಯಾನ ನಡೆಸಿ, 2006ರಿಂದ ಹನ್ನೆರಡನೆಯ ತಿಂಗಳಿಗೆ ಬೂಸ್ಟರನ್ನು ಖಾಯಂ ಮಾಡಿದರು.

ಆರಂಭದ ವರ್ಷಗಳಲ್ಲಿ ಬೂಸ್ಟರ್ ಇಲ್ಲದೆಯೂ ನಡೆದುಹೋದದ್ದಕ್ಕೆ ಕಾರಣ ಕಾಂಜುಗೇಟ್ ಲಸಿಕೆಯ ಇನ್ನೊಂದು ಗುಣ. ಶುದ್ಧ ಪಿಆರ್‌ಪಿ ಗಂಟಲಲ್ಲಿ ಬ್ಯಾಕ್ಟೀರಿಯಾ ನೆಲೆಸುವುದನ್ನು ತಡೆಯುತ್ತಿರಲಿಲ್ಲ, ಕಾಂಜುಗೇಟ್ ತಡೆಯುತ್ತದೆ. ಲಸಿಕೆ ಪಡೆದ ಮಗು ಪಡೆಯದ ಮಗುವಿಗೆ ಹಿಬ್ ದಾಟಿಸುವುದೂ ಇದರಿಂದ ನಿಲ್ಲುತ್ತದೆ. 1997ರಲ್ಲಿ ಪ್ರಕಟವಾದ ಗ್ಯಾಂಬಿಯಾದ ಪರೀಕ್ಷೆ ಬಡ ದೇಶದ ಶಿಶುಗಳಲ್ಲಿಯೂ ಲಸಿಕೆ ಶೇಕಡಾ 95ರಷ್ಟು ಕೆಲಸ ಮಾಡುತ್ತದೆಂದು ತೋರಿಸಿತಲ್ಲದೆ, ಎಕ್ಸ್‌ರೇಯಲ್ಲಿ ಕಾಣುವ ನ್ಯುಮೋನಿಯಾದಲ್ಲಿ ಐದನೆಯ ಒಂದು ಭಾಗ ಇದರಿಂದ ತಪ್ಪುತ್ತದೆಂಬ, ಯಾರೂ ಅಷ್ಟಾಗಿ ಎಣಿಸಿರದ ಲಾಭವನ್ನೂ ಎತ್ತಿ ತೋರಿಸಿತು. ಕ್ಯೂಬಾದ ವಿಜ್ಞಾನಿಗಳು ಬ್ಯಾಕ್ಟೀರಿಯಾವನ್ನೇ ಬೆಳೆಸದೆ ಪಿಆರ್‌ಪಿಯ ತುಣುಕನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿ ತಯಾರಿಸಿದ ಲಸಿಕೆಯ ವಿವರವನ್ನು 2004ರಲ್ಲಿ ಪ್ರಕಟಿಸಿದರು.

ಭಾರತದಲ್ಲಿ ಹಿಬ್ ಲಸಿಕೆ ಸರ್ಕಾರಿ ಕಾರ್ಯಕ್ರಮಕ್ಕೆ ಬಂದದ್ದು ಡಿಫ್ತೀರಿಯಾ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಲಸಿಕೆಗಳೊಂದಿಗೆ ಸೇರಿಕೊಂಡ ಪೆಂಟಾವೇಲೆಂಟ್ ರೂಪದಲ್ಲಿ. 2011ರ ಡಿಸೆಂಬರಿನಲ್ಲಿ ಕೇರಳ ಮತ್ತು ತಮಿಳುನಾಡಿನಲ್ಲಿ ಆರಂಭವಾಗಿ, ಎರಡನೆಯ ಕಂತಿನ ರಾಜ್ಯಗಳಲ್ಲಿ ಒಂದಾಗಿ 2013ರ ಹೊತ್ತಿಗೆ ಕರ್ನಾಟಕಕ್ಕೂ ಬಂತು. ನಮ್ಮ ಅಂಗನವಾಡಿಗಳಲ್ಲೂ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲೂ ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಮಗುವಿನ ಎಡತೊಡೆಗೆ ಕೊಡುವ ಚುಚ್ಚುಮದ್ದು ಇದು. ಅದರಲ್ಲಿರುವ ಪಿಆರ್‌ಪಿಯನ್ನು ಸಾಮಾನ್ಯವಾಗಿ ಬೆಸೆದಿರುವುದು ಧನುರ್ವಾಯುವಿನ ಟಾಕ್ಸಾಯ್ಡಿಗೆ. ಖಾಸಗಿ ಮಕ್ಕಳ ವೈದ್ಯರು ಹದಿನಾರರಿಂದ ಹದಿನೆಂಟನೆಯ ತಿಂಗಳಲ್ಲಿ ಹಿಬ್‌ನ ಬೂಸ್ಟರನ್ನೂ ಕೊಡುತ್ತಾರೆ. ಸರ್ಕಾರಿ ವೇಳಾಪಟ್ಟಿಯಲ್ಲಿ ಆ ವಯಸ್ಸಿಗೆ ಇರುವುದು ಡಿಪಿಟಿ ಬೂಸ್ಟರ್ ಮಾತ್ರ, ಅದರಲ್ಲಿ ಹಿಬ್ ಇಲ್ಲ.